ಸದ್ದು ನಿಂತ ಲಾರಿ

ನಮ್ಮ ಮನೆಯಲ್ಲಿ ಯಾವ ಕೀಲಿಗೂ ಎಣ್ಣೆ ಬಿಡುವಂತಿಲ್ಲ. ಗೇಟು ಕಿರುಗುಡುತ್ತದೆ, ಅಡುಗೆಮನೆಯ ಬಾಗಿಲು ಕಿರುಗುಡುತ್ತದೆ, ನನ್ನ ಹೊಲಿಗೆ ಯಂತ್ರದ ಪೆಡಲು ತುಳಿದಾಗಲೆಲ್ಲ ಗೊಣಗುತ್ತದೆ. ಮೊದಮೊದಲು ನಾನು ಕದ್ದು ಎಣ್ಣೆ ಬಿಡುತ್ತಿದ್ದೆ. ಅಂಥ ದಿನ ಭಾವ ಊಟದ ನಡುವೆ ಎದ್ದು ಹೋಗಿ, ಆ ಬಾಗಿಲನ್ನು ತೆಗೆದು ಮುಚ್ಚಿ, ಮತ್ತೆ ತೆಗೆದು ಮುಚ್ಚಿ, ಕಿವಿಗೊಟ್ಟು ನಿಂತುಬಿಡುತ್ತಿದ್ದರು. ತಟ್ಟೆಯಲ್ಲಿದ್ದದ್ದು ಅಲ್ಲೇ ಆರಿ ತಣ್ಣಗಾಗುತ್ತಿತ್ತು. ನೋಡಿ ನೋಡಿ ಸಾಕಾಗಿ ಎಣ್ಣೆಯ ಡಬ್ಬಿಯನ್ನೇ ಅಟ್ಟಕ್ಕೆ ಹಾಕಿದೆ. ಪಕ್ಕದ ಮನೆಯಾಕೆ ನಮ್ಮ ಮನೆಯನ್ನು ಗುಬ್ಬಿಗೂಡು ಎನ್ನುತ್ತಾಳೆ. ಅನ್ನಲಿ ಬಿಡಿ. ಅವಳ ಗಂಡನ ಗೊರಕೆಯ ಬಗ್ಗೆ ನಾನು ಎಂದಾದರೂ ಚಕಾರ ಎತ್ತಿದ್ದೇನೆಯೇ?

ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆ ಮಾಡಿಕೊಳ್ಳಲಿಲ್ಲ, ಕೇಳಿದರೆ ಲಾರಿಯನ್ನು ತೋರಿಸಿ ನಗುತ್ತಿದ್ದರಂತೆ. ನಾನು ಈ ಮನೆಗೆ ಬಂದಾಗ ಅಣ್ಣತಮ್ಮ ಇಬ್ಬರೂ ಒಂದೇ ಲಾರಿಯನ್ನು ಸರದಿಯಲ್ಲಿ ಓಡಿಸುತ್ತಿದ್ದರು. ಒಬ್ಬರು ಸ್ಟೇರಿಂಗ್ ಹಿಡಿದರೆ ಇನ್ನೊಬ್ಬರು ಮನೆಯಲ್ಲಿ ಉಂಡು ಮಲಗುವುದು. ಲಾರಿಯ ರಿಪೇರಿಯೆಲ್ಲ ಭಾವನದು. ನನ್ನ ಗಂಡನಿಗೆ ಹಾಡು ಕೇಳುವುದೊಂದೇ ಗೊತ್ತಿತ್ತು. ಕ್ಯಾಬಿನ್ನಿನಲ್ಲಿ ಸಣ್ಣದೊಂದು ಸದ್ದು ಕೇಳಿಸಿದರೂ ಹಾಡು ಕೆಟ್ಟಿತು ಎಂದು ಮುಖ ಗಂಟಿಕ್ಕಿಕೊಂಡು ಮನೆಗೆ ಬರುತ್ತಿದ್ದರು.

ಆ ವರ್ಷ ಕೇಳಿಸತೊಡಗಿದ್ದು ಕಿಚ್ ಕಿಚ್ ಎಂಬ ಸದ್ದು. ಲಾರಿ ನಿಧಾನವಾಗಿ ಹೋದರೆ ನಿಧಾನ, ಜೋರಾಗಿ ಹೋದರೆ ಜೋರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೂ ಇದೆಲ್ಲ ಆಮೇಲೆ ತಿಳಿದದ್ದು, ತಿಳಿಯಬೇಕಾದ ಹೊತ್ತಿನಲ್ಲಿ ಅಲ್ಲ. ಎಂಜಿನ್ ತಿರುಗುವುದು ಮುಂದೆ, ತಿರುಗಬೇಕಾದ ಚಕ್ರ ಇರುವುದು ಹಿಂದೆ. ನಡುವೆ ಲಾರಿಯ ಹೊಟ್ಟೆಯ ಕೆಳಗೆ ಉದ್ದನೆಯ ಕಬ್ಬಿಣದ ಶಾಫ್ಟು. ಅದರ ಎರಡೂ ತುದಿಗೆ ಒಂದೊಂದು ಕೀಲು. ಕೀಲಿನೊಳಗೆ ಕೂಡಿಸುವ ಗುರುತಿನ ಆಕಾರದ ಒಂದು ಕಬ್ಬಿಣ. ಅದನ್ನೇ ಇವರು ಕ್ರಾಸು ಎನ್ನುವುದು. ಕ್ರಾಸಿನ ನಾಲ್ಕು ಕೈಗಳಿಗೂ ಒಂದೊಂದು ಟೋಪಿ, ಟೋಪಿಯೊಳಗೆ ಸುತ್ತಲೂ ಸೂಜಿಯಂಥ ಸಣ್ಣ ಕಡ್ಡಿಗಳು. ಗ್ರೀಸು ಒಣಗಿದರೆ ಆ ಸೂಜಿಗಳು ಒಂದನ್ನೊಂದು ಉಜ್ಜಿ ಕಿಚ್ ಕಿಚ್ ಎನ್ನುತ್ತವೆ. ಸವೆತ ಇನ್ನೂ ಹೆಚ್ಚಿದರೆ ರಿವರ್ಸಿನಿಂದ ಮುಂದಿನ ಗೇರಿಗೆ ಹಾಕಿದಾಗ ಕೆಳಗಿನಿಂದ ಟಣ್ ಎಂದು ಹೊಡೆದಂತೆ ಆಗುತ್ತದೆ. ಆಮೇಲೆ ವೇಗ ಹಿಡಿದಾಗ ಸೀಟು ನಡುಗುತ್ತದೆ. ಟೋಪಿಯ ಅಂಚಿನಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ತುಕ್ಕು ಕೂರುತ್ತದೆ. ಪಾಪ, ಅದು ತನ್ನ ಕೈಲಾದಷ್ಟು ಕೂಗಿ ಹೇಳುತ್ತದೆ.

ಆಗ ಗ್ರೀಸ್ ಗನ್ ಹಿಡಿದು ಒಳಗೆ ಹೊಸ ಗ್ರೀಸು ಹೊಡೆದರೆ ಸದ್ದು ನಿಂತುಬಿಡುತ್ತದೆ. ಸವೆದದ್ದು ಸವೆದೇ ಇರುತ್ತದೆ, ಸದ್ದು ಮಾತ್ರ ಇರುವುದಿಲ್ಲ. ಇದು ಲಾರಿಯವರಿಗೆಲ್ಲ ಗೊತ್ತಿರುವ ವಿಷಯ, ಮತ್ತು ಲಾರಿಯವರೆಲ್ಲ ಮಾಡುವ ತಪ್ಪು. ಈ ಒಂದು ಲೋಡು ಇಳಿಸಿ ಬಂದ ಮೇಲೆ ಬದಲಾಯಿಸಿದರಾಯಿತು ಎಂದುಕೊಳ್ಳುತ್ತಾರೆ. ತಮ್ಮನ ಗೊಣಗಾಟ ತಾಳಲಾರದೆ ಭಾವನೂ ಒಂದು ಸಂಜೆ ಹಾಗೆಯೇ ಅಂದುಕೊಂಡು ಗ್ರೀಸು ಹೊಡೆದರು. ಮರುದಿನ ನನ್ನ ಗಂಡ ಲೋಡಿನ ಸಮೇತ ಇಳಿಜಾರಿನಲ್ಲಿ ಇಳಿಯುವಾಗ ಮುಂದಿನ ಕ್ರಾಸು ಮುರಿದು, ಕಳಚಿದ ಶಾಫ್ಟು ಬೀಸಿ ಬ್ರೇಕಿನ ಪೈಪನ್ನು ಕತ್ತರಿಸಿತು. ಎಂಜಿನ್ನಿನ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಉಳಿದದ್ದನ್ನು ನಾನು ಹೇಳುವುದಿಲ್ಲ.

ಭಾವ ಇದನ್ನು ನನ್ನಿಂದ ಮುಚ್ಚಿಡಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಡುಮನೆಯ ನೆಲದ ಮೇಲೆ ಕೂತು, ಗೋಡೆ ನೋಡುತ್ತ, ಗ್ರೀಸು ಹೊಡೆದದ್ದು ತಾನೇ ಎಂದರು. ನಾನು ಎದ್ದು ಒಳಗೆ ಹೋದೆ. ಬಹಳ ಕಾಲ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವರು ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ನನ್ನ ಮಗಳು ಆಗ ತೊಟ್ಟಿಲಿನಿಂದ ಇಳಿದು ತಪ್ಪುಹೆಜ್ಜೆ ಹಾಕುತ್ತಿದ್ದಳು. ಅವಳ ಕೈ ಹಿಡಿದು ನಡೆಸಿದವರು ಅವರೇ, ಶಾಲೆಗೆ ಬಿಟ್ಟವರೂ ಅವರೇ. ಕ್ಷಮಿಸಿದೆ ಎಂದರೆ ಸುಳ್ಳಾದೀತು. ದಿನ ಕಳೆದಂತೆ ರೂಢಿಯಾಯಿತು ಎನ್ನಬಹುದು. ಮಗಳಿಗೆ ಮಾತ್ರ ಶಾಫ್ಟು ಮುರಿಯಿತು ಎಂಬಷ್ಟನ್ನೇ ಹೇಳಿದೆವು. ಗ್ರೀಸಿನ ಮಾತು ಎತ್ತಲಿಲ್ಲ. ಅವಳು ದೊಡ್ಡಪ್ಪನ ಹೆಗಲ ಮೇಲೆ ಕೂತು ಬೆಳೆದವಳು. ಅದನ್ನು ಅವಳಿಂದ ಕಸಿಯುವಷ್ಟು ಕಲ್ಲುಮನಸ್ಸು ನನಗಿರಲಿಲ್ಲ.

ಆ ದಿನದಿಂದ ಭಾವ ಸ್ಟೇರಿಂಗ್ ಮುಟ್ಟಲಿಲ್ಲ. ಲಾರಿಗಳು ಬಂದು ತಂಗುವ ಅಂಗಳದ ಬಾಗಿಲಲ್ಲಿ, ಅಡ್ಡಗಂಬ ಎತ್ತಿ ಇಳಿಸುವ ಕೆಲಸಕ್ಕೆ ಸೇರಿದರು. ಒಳ್ಳೆಯ ಡ್ರೈವರು ಇಂಥ ಕೆಲಸಕ್ಕೆ ಬಂದದ್ದು ನೋಡಿ ಜನ ಮರುಗಿದರು. ಅವರು ಆ ಕೆಲಸವನ್ನು ಹುಡುಕಿಕೊಂಡು ಹೋದದ್ದು ಯಾಕೆಂದು ನನಗೆ ಮಾತ್ರ ಗೊತ್ತಿತ್ತು. ಎಂಥ ಶೂರನೂ ಅಡ್ಡಗಂಬದ ಹತ್ತಿರ ಲಾರಿಯನ್ನು ಆಮೆವೇಗಕ್ಕೆ ಇಳಿಸಲೇಬೇಕು, ಕ್ರಾಸಿನ ಕಿಚಕಿಚ ಸರಿಯಾಗಿ ಕೇಳಿಸುವುದು ಆ ವೇಗದಲ್ಲೇ. ಕೇಳಿಸಿದರೆ ಭಾವ ಕಂಬ ಎತ್ತುತ್ತಿರಲಿಲ್ಲ. ಬೈದರೂ ಎತ್ತುತ್ತಿರಲಿಲ್ಲ. ಚಕ್ರಕ್ಕೆ ಅಡ್ಡಲಾಗಿ ಕಲ್ಲು ಕೊಡಿಸಿ, ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿ, ಶಾಫ್ಟನ್ನು ಎರಡು ಕೈಯಿಂದ ತಿರುಚಿ ನೋಡುವರು. ಕೆಲವು ಸಲ ಕ್ರಾಸು ಹಾಳಾಗಿಯೇ ಇರುತ್ತಿತ್ತು. ಕೆಲವು ಸಲ ಸದ್ದು ಬಂದದ್ದು ಸೀಟಿನ ಸ್ಪ್ರಿಂಗಿನಿಂದಲೋ, ನೀರಿನ ಕ್ಯಾನಿನ ಹಿಡಿಯಿಂದಲೋ ಆಗಿರುತ್ತಿತ್ತು. ಇನ್ನು ಕೆಲವು ಸಲ ಸದ್ದೇ ಇರುತ್ತಿರಲಿಲ್ಲ.

ಜನಕ್ಕೆ ನೆನಪಿರುವುದು ಈ ಕೊನೆಯದು. ಡ್ರೈವರುಗಳು ಅವರಿಗೆ ಕಿಚ್‌ಕಿಚ್ ಮಾವ ಎಂದು ಹೆಸರಿಟ್ಟರು. ಅಡ್ಡಗಂಬ ದಾಟುವಾಗ ಬೇಕೆಂದೇ ತುಟಿಯಿಂದ ಕಿಚ್ ಕಿಚ್ ಎನ್ನುವರು. ಭಾವ ಅವರನ್ನೂ ನಿಲ್ಲಿಸಿ, ಸಿಟ್ಟಿಲ್ಲದೆ, ಲಾರಿಯ ಕೆಳಗೆ ಹೋಗಿ ನೋಡಿಯೇ ಬಿಡುವರು. ಆಗ ನಗುವವನ ಹಿಂದೆ ಸಾಲುಗಟ್ಟಿ ನಿಂತವರು ಹಾರ್ನ್ ಹೊಡೆದು ಅವನ ಮಾನ ತೆಗೆಯುತ್ತಿದ್ದರು. ಅಷ್ಟರಮಟ್ಟಿಗೆ ನ್ಯಾಯ ಇತ್ತು.

ನಾನು ಮಾತ್ರ ಯಾವ ಲಾರಿಯ ಕೆಳಗೂ ಇಣುಕಿದವಳಲ್ಲ. ಅಂಗಳಕ್ಕೆ ಬುತ್ತಿ ಕೊಡಲು ಹೋದರೂ ತಲೆ ತಗ್ಗಿಸದೆ ನಡೆದುಬರುತ್ತಿದ್ದೆ.

ಇಂಥ ಮನೆಯಲ್ಲಿ ಬೆಳೆದ ಮಗಳು ಲಾರಿ ಓಡಿಸುತ್ತೇನೆ ಎಂದಳು. ನಾನು ಊಟ ಬಿಟ್ಟೆ, ಬಾಗಿಲು ಹಾಕಿಕೊಂಡೆ, ಬಾಯಿಗೆ ಬಂದಂತೆ ಬೈದೆ. ಅವಳು ಅಪ್ಪನ ಹಟ ಹೊತ್ತು ಹುಟ್ಟಿದವಳು, ಜಪ್ಪಯ್ಯ ಎನ್ನಲಿಲ್ಲ. ಭಾವ ಬೇಡ ಎನ್ನುತ್ತಾರೆ ಎಂದು ನಂಬಿದ್ದೆ. ಅವರು, ಹಾಗಾದರೆ ನಾನೇ ಕಲಿಸುತ್ತೇನೆ ಎಂದರು. ಅವರು ಕಲಿಸಿದ್ದರಲ್ಲಿ ಸ್ಟೇರಿಂಗಿನ ಪಾಠಕ್ಕಿಂತ ಕೆಳಗಿನ ಪಾಠವೇ ಹೆಚ್ಚು. ಟೋಪಿಯ ಸುತ್ತ ಬೆರಳಾಡಿಸಿ ಕೆಂಪು ಹತ್ತುತ್ತದೆಯೇ ನೋಡು, ಗೇರ್ ಹಾಕಿದಾಗ ಟಣ್ ಎಂದರೆ ಅಲ್ಲೇ ನಿಲ್ಲು, ಸ್ಟೇರಿಂಗ್ ಹಿಡಿದ ಕೈಗೆ ಫೋನು ಬೇಡವೇ ಬೇಡ. ಇವೆಲ್ಲವನ್ನೂ ಅವಳು ನಿಷ್ಠೆಯಿಂದ ಪಾಲಿಸಿದಳು. ಗ್ರೀಸಿನ ಪಾಠ ಒಂದನ್ನು ಅವರಿಂದ ಹೇಳಲಾಗಲಿಲ್ಲ. ಹೇಳಲು ಹೊರಟರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಳೆದ ಚಳಿಗಾಲದಲ್ಲಿ ಮಗಳ ಲಾರಿ ಕಿಚ್ ಕಿಚ್ ಎನ್ನತೊಡಗಿತು, ಹಾಗೆಂದು ಭಾವ ಹೇಳಿದರು. ಗ್ಯಾರೇಜಿನ ಮೇಸ್ತ್ರಿ ಹಿಂದಿನ ಕ್ರಾಸನ್ನು ಅಲ್ಲಾಡಿಸಿ ನೋಡಿ, ಇದು ಗಟ್ಟಿಮುಟ್ಟಾಗಿದೆ, ನಿಮ್ಮ ದೊಡ್ಡಪ್ಪನ ಕಿವಿಯದೇ ಬೇರಿಂಗು ಹೋಗಿದೆ ಎಂದು ನಗಾಡಿ ಕಳಿಸಿದ. ಮುಂದಿನದನ್ನು ಅವನು ನೋಡಲೇ ಇಲ್ಲ, ಅವನನ್ನು ನಂಬಿ ಮಗಳೂ ನೋಡಲಿಲ್ಲ. ತಾನೇ ಕೆಳಗೆ ನುಸುಳಿ ನೋಡುತ್ತೇನೆ ಎನ್ನುವಷ್ಟರಲ್ಲಿ ಭಾವನಿಗೆ ಜ್ವರ ಹಿಡಿಯಿತು. ಕೆಲಸಕ್ಕೆ ಹೋಗದೆ ಮಲಗಿದರು. ಮಲಗಿದಲ್ಲೇ ಫ್ಯಾನಿನಲ್ಲಿ ಆ ಸದ್ದು, ನಲ್ಲಿಯಲ್ಲಿ ಆ ಸದ್ದು. ನನ್ನ ಹೊಲಿಗೆ ಯಂತ್ರ ನಿಂತರೆ ಕಣ್ಣು ತೆರೆದು ಯಾಕೆ ನಿಂತಿತು ಎಂದು ಕೇಳುವರು. ಮಗಳ ಲಾರಿ ಓಣಿಯ ತುದಿಗೆ ಬಂದರೆ ಎದ್ದು ಕೂತು ಕಿವಿಗೊಡುವರು. ಅವರು ನಿದ್ದೆ ಮಾಡದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿಹೋದರು. ಮಗಳ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಲೋಡಾಗಿದ್ದ ಲಾರಿ ಓಣಿಯ ತುದಿಯಲ್ಲಿ ನಿಂತಿತ್ತು. ಬುತ್ತಿ ಕೊಡಲು ಹೋದೆ. ಅವಳ ಉಗುರಿನ ಸಂದಿಯಲ್ಲಿ ಕಪ್ಪು ಅಂಟಿತ್ತು. ಕ್ಯಾಬಿನ್ ಹತ್ತಿ, ಎಂಜಿನ್ ಚಾಲೂ ಮಾಡಿ, ಕಿಟಕಿಯಿಂದ ಬಗ್ಗಿದಳು.

“ಅಮ್ಮಾ, ಇವತ್ತು ಸದ್ದಿಲ್ಲ ನೋಡು. ಹಾಯಾಗಿ ಹಾಡು ಕೇಳ್ಕೊಂಡು ಹೋಗ್ತೀನಿ.”

ಲಾರಿ ಮೆತ್ತಗೆ ಮುಂದಕ್ಕೆ ಉರುಳಿತು. ನಿಜವಾಗಿಯೂ ಸದ್ದಿರಲಿಲ್ಲ. ನಾನು ನಗುತ್ತ ಕೈ ಬೀಸಿದೆ. ಬೀಸಿದ ಕೈಯನ್ನು ಇಳಿಸಲಾಗಲಿಲ್ಲ.

ಆ ಮಾತನ್ನು ನಾನು ಮೊದಲೂ ಕೇಳಿದ್ದೆ. ಇದೇ ಓಣಿಯಲ್ಲಿ, ಇಷ್ಟೇ ಎತ್ತರದ ಕಿಟಕಿಯಿಂದ ಬಗ್ಗಿ, ನನ್ನ ಗಂಡ ಆಡಿದ ಕೊನೆಯ ಮಾತು ಅದು. ಅಣ್ಣ ಸದ್ದು ನಿಲ್ಲಿಸಿಬಿಟ್ಟಿದ್ದಾನೆ, ಇವತ್ತು ಹಾಡು ಕೇಳ್ಕೊಂಡು ಹೋಗ್ತೀನಿ ಎಂದಿದ್ದರು. ಅದನ್ನು ಭಾವನಿಗೆ ನಾನು ಎಂದೂ ಹೇಳಿರಲಿಲ್ಲ. ಹೇಳಿದರೆ ಆ ಜೀವ ಉಳಿಯುತ್ತದೆಯೇ ಎಂಬ ಭಯವಿತ್ತು. ಮಗಳು ಹುಟ್ಟಿದ್ದಳು ನಿಜ, ಮಾತು ತಿಳಿಯುವ ವಯಸ್ಸಾಗಿರಲಿಲ್ಲ. ಅವಳ ಬಾಯಿಗೆ ಅದು ಎಲ್ಲಿಂದ ಬಂತು? ಮನೆಯತ್ತ ಓಡಿದೆ.

ಭಾವ ಎದ್ದು ಬಂದು ಹೊಸ್ತಿಲ ಮೇಲೆ ನಿಂತಿದ್ದರು. ಹೊದಿಕೆ ಕಾಲಿಗೆ ಸುತ್ತಿಕೊಂಡಿತ್ತು.

“ಲಾರಿ ಹೋಯ್ತಲ್ಲಮ್ಮ. ಯಾಕೆ ಸದ್ದು ಬರಲಿಲ್ಲ?”

“ಗ್ರೀಸ್ ಹೊಡ್ದಿದಾಳೆ ಅನ್ಸುತ್ತೆ ಭಾವ. ನಿಮಗೆ ನಿದ್ದೆ ಬರಲಿ ಅಂತ.”

ಆ ಮುಖವನ್ನು ನಾನು ಹಿಂದೊಮ್ಮೆ ಮಾತ್ರ ನೋಡಿದ್ದೆ.

ಮಗಳಿಗೆ ಫೋನು ಮಾಡಿದೆವು. ರಿಂಗಾಗುತ್ತಲೇ ಇತ್ತು. ಸ್ಟೇರಿಂಗ್ ಹಿಡಿದ ಕೈಗೆ ಫೋನು ಬೇಡ ಎಂದು ಕಲಿಸಿದ ಗುರು ಎದುರಿಗೇ ನಿಂತಿದ್ದರು. ದಾರಿಯಲ್ಲಿ ಅವಳು ನಿಲ್ಲುವ ಜಾಗ ಒಂದೇ. ಏರು ಮುಗಿದು ಇಳಿಜಾರು ಶುರುವಾಗುವ ಮೊದಲು ಇರುವ ವೇಬ್ರಿಡ್ಜು. ಲೋಡಾದ ಲಾರಿಗಳೆಲ್ಲ ಅಲ್ಲಿ ತೂಕ ಮಾಡಿಸಿಯೇ ಇಳಿಯಬೇಕು. ಭಾವ ಅಲ್ಲಿನ ತೂಕದವನಿಗೆ ಫೋನು ಹಚ್ಚಿದರು. ಇವರ ದನಿ ಕೇಳುತ್ತಲೇ ಅವನು ನಗುವುದು ನನಗೂ ಕೇಳಿಸಿತು. ಎಷ್ಟು ಸಲ ಇವರ ಮಾತು ಕೇಳಿ ಲಾರಿ ನಿಲ್ಲಿಸಿ ಬೈಸಿಕೊಂಡಿದ್ದನೋ. ಇಲ್ಲಿ ಲಾರಿಗಳ ಸಾಲು ಬೆಳೆದಿದೆ, ಮಲಗಿಕೋ ಮಾವ, ಜ್ವರ ಇದೆಯಂತೆ ಎಂದ.

ನಾನು ಫೋನು ಕಿತ್ತುಕೊಂಡೆ. ಇಷ್ಟು ವರ್ಷ ಅಂಗಳದವರ ಜೊತೆ ಸೇರಿ ಭಾವನ ಕಿವಿಯನ್ನು ಆಡಿಕೊಂಡವಳು ನಾನೂ ಹೌದು. ಅದು ಅವನಿಗೂ ಗೊತ್ತಿತ್ತು.

“ಅವರಲ್ಲ, ನಾನು ಹೇಳ್ತಿದೀನಿ. ಅವಳ ತಾಯಿ. ಅವಳು ತೂಕದ ಮೇಲೆ ಹತ್ತಿದಾಗ ನಿಲ್ಸಿಡಿ, ಇಳಿಯೋಕೆ ಬಿಡಬೇಡಿ. ನಾವು ಬರೋ ತನಕ ಬಿಡಬೇಡಿ.”

ಅವನು ನಗು ನಿಲ್ಲಿಸಿ, ಆಗಲಿ ಅಕ್ಕ ಎಂದ.

ಜ್ವರದ ಮೈಯಲ್ಲೇ ಭಾವ ಸ್ಕೂಟರ್ ಓಡಿಸಿದರು. ನಾನು ಹಿಂದೆ ಕೂತು ಅವರ ಬೆನ್ನಿನ ಕಾವನ್ನು ಕೆನ್ನೆಯಲ್ಲಿ ಅನುಭವಿಸುತ್ತಿದ್ದೆ. ತೂಕದವನು ನಿಲ್ಲಿಸದಿದ್ದರೆ? ಅವಳು ಆಗಲೇ ದಾಟಿದ್ದರೆ?

ಲಾರಿ ನಿಂತಿತ್ತು. ವೇಬ್ರಿಡ್ಜಿನ ಪಕ್ಕಕ್ಕೆ ತೆಗೆದು ನಿಲ್ಲಿಸಿದ್ದರು. ಮಗಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು, ಮುಖ ಕೆಂಡವಾಗಿತ್ತು. ಸುತ್ತ ನಿಂತ ಡ್ರೈವರುಗಳಲ್ಲಿ ಯಾರೋ ಕಿಚ್ ಕಿಚ್ ಎಂದರು. ಇನ್ನೂ ನಾಲ್ಕು ಮಾರು ಆಚೆಗೆ ರಸ್ತೆ ಕೆಳಗೆ ಬಾಗಿ ಕಣ್ಣಿಗೆ ಕಾಣದಂತಾಗುತ್ತಿತ್ತು. ನಾನು ಆ ಕಡೆ ನೋಡಲಿಲ್ಲ.

ನಮ್ಮನ್ನು ಕಂಡು ಅವಳ ಸಿಟ್ಟು ಇಳಿಯಿತು. ಎದ್ದು ಯಾಕೆ ಬಂದಿರಿ, ಸದ್ದು ನಿಂತಿದೆಯಲ್ಲ, ನಾನೇ ಗ್ರೀಸು ಹೊಡೆದೆ ಎಂದು ಹೇಳುತ್ತಲೇ ಇದ್ದಳು. ಭಾವ ಉತ್ತರ ಕೊಡದೆ ಚಕ್ರಗಳಿಗೆ ಕಲ್ಲು ಕೊಟ್ಟರು, ಗೇರನ್ನು ನ್ಯೂಟ್ರಲ್ಲಿಗೆ ತರಿಸಿದರು, ಗೋಣಿಚೀಲ ಹಾಸಿಕೊಂಡರು. ನುಸುಳುವ ಮೊದಲು ಅವಳನ್ನೂ ಬಾ ಎಂದು ಕರೆದರು.

ನನಗೆ ಕಾಣಿಸಿದ್ದು ಅವರಿಬ್ಬರ ಕಾಲುಗಳು ಮಾತ್ರ. ಭಾವನ ಒಡೆದ ಹಿಮ್ಮಡಿ, ಪಕ್ಕದಲ್ಲಿ ಮಗಳ ಬೂಟು. ಒಳಗಿನಿಂದ ಕಬ್ಬಿಣ ತಿರುಚುವ ಸದ್ದು, ಆಮೇಲೆ ಟಕ್ ಎಂಬ ಸಣ್ಣ ಸದ್ದು. ಮತ್ತೆ ತಿರುಚಿದರು, ಮತ್ತೆ ಟಕ್. ಕೈ ಇಡು, ಗೊತ್ತಾಯ್ತಾ ಎಂದು ಭಾವ ಕೇಳಿದರು. ಅವಳು ಹೂಂ ಎಂದಳು. ಸುತ್ತಿಗೆಯ ಏಟುಗಳು ಬಿದ್ದವು. ಟೋಪಿಯೊಂದು ಕಳಚಿ ಉರುಳಿ ಬಂದು ನನ್ನ ಕಾಲಿನ ಹತ್ತಿರ ನಿಂತಿತು. ಹೊರಗೆಲ್ಲ ಹೊಸ ಗ್ರೀಸು. ಒಳಗೆ ಸೂಜಿಯಂಥದ್ದು ಒಂದೂ ಇರಲಿಲ್ಲ. ಕೆಂಪು ಪುಡಿ ಗ್ರೀಸಿನಲ್ಲಿ ಕಲಸಿ ರಾಡಿಯಾಗಿತ್ತು. ತೂಕದವನು ಅದನ್ನು ಎತ್ತಿ ನೋಡಿ, ಇಳಿಜಾರಿನ ಕಡೆ ನೋಡಿ, ಮೆಲ್ಲಗೆ ನೆಲದ ಮೇಲಿಟ್ಟ.

“ನಾನು ಗ್ರೀಸ್ ಹೊಡೆದ್ನಲ್ಲ ದೊಡ್ಡಪ್ಪ. ಸದ್ದು ನಿಂತಿತ್ತಲ್ಲ.”

“ನಾನೂ ಹೊಡ್ದಿದ್ದೆ ಮಗಾ. ನಿಮ್ಮಪ್ಪನ ಲಾರಿಗೆ. ಅವನು ಹೋದ ಹಿಂದಿನ ಸಂಜೆ.”

ನಾನು ಆ ಕಾಲುಗಳನ್ನೇ ನೋಡುತ್ತಿದ್ದೆ. ಅವಳು ಎದ್ದು ಹೊರಗೆ ಬಂದರೆ ಭಾವ ಅಲ್ಲಿಂದ ಏಳುವುದಿಲ್ಲ ಎನಿಸಿತು. ಬಹಳ ಹೊತ್ತು ಬೂಟು ಅಲುಗಾಡಲಿಲ್ಲ. ಆಮೇಲೆ ಅದು ನಿಧಾನವಾಗಿ ಸರಿದು ಭಾವನ ಬರಿಗಾಲಿಗೆ ತಾಗಿ ನಿಂತಿತು. ಹಾಗೆಯೇ ಇತ್ತು. ನಾನು ಆ ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಸುತ್ತ ಜನ ಇದ್ದಾರೆಂಬುದನ್ನೂ ಮರೆತು ಅತ್ತುಬಿಟ್ಟೆ.

ಗ್ಯಾರೇಜಿನಿಂದ ಹೊಸ ಕ್ರಾಸು ತರಿಸಿ ಅಲ್ಲೇ ಹಾಕಿದರು. ಮೇಸ್ತ್ರಿ ಖುದ್ದು ಬಂದಿದ್ದ, ತಲೆ ಎತ್ತಲಿಲ್ಲ. ಮಗಳು ಲೋಡು ಇಳಿಸಲು ಹೋದಳು. ನಾವು ಮನೆಗೆ ಬಂದೆವು. ಇನ್ನಾದರೂ ಈ ಮನುಷ್ಯನಿಗೆ ಆ ಸದ್ದು ಬಿಟ್ಟು ಹೋದೀತು ಎಂದು ನನಗೆ ಆಸೆ. ಆ ಆಸೆಯ ಭರದಲ್ಲೇ, ಇಷ್ಟು ಕಾಲ ಒಳಗಿಟ್ಟುಕೊಂಡಿದ್ದ ಮಾತನ್ನೂ ಹೇಳಿಬಿಟ್ಟೆ. ಅವರು ಹೋಗುವಾಗ ನಿಮ್ಮನ್ನು ಬೈದುಕೊಂಡು ಹೋಗಲಿಲ್ಲ ಭಾವ, ಅಣ್ಣ ಸದ್ದು ನಿಲ್ಲಿಸಿದ ಎಂದು ಸಂತೋಷವಾಗಿ ಹಾಡು ಕೇಳುತ್ತ ಹೋದರು ಎಂದೆ.

ಭಾವ ಮಂಚದ ಅಂಚಿನಲ್ಲಿ ಕೂತು ಕೈಗೆ ಅಂಟಿದ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸುವುದು ನಿಲ್ಲಲಿಲ್ಲ.

“ಗೊತ್ತಮ್ಮ. ಅವನು ಕೈ ಬೀಸಿದ್ದನ್ನ ಈ ಕಿಟಕಿಯಿಂದ ನಾನೂ ನೋಡ್ದೆ. ಎಲ್ರೂ ನನಗೆ ಕಿಚ್ ಕಿಚ್ ಕೇಳ್ಸುತ್ತೆ ಅಂತಾರೆ. ಅದು ಕೇಳ್ಸಿದ್ರೆ ನನಗೆ ನೆಮ್ಮದಿ. ಕೇಳ್ಸದೇ ಇದ್ದಾಗ್ಲೇ ಅವನು ಹೋಗೋದು ಕಾಣ್ಸುತ್ತೆ.”

ಅಡುಗೆಮನೆಗೆ ಹೋಗಿ, ಬಾಗಿಲನ್ನು ಕಿರುಗುಡಿಸಿ ತೆಗೆದು, ಕಿರುಗುಡಿಸಿ ಮುಚ್ಚಿದೆ.

ಸಂಜೆ ಬಿಸಿಲು ಇರುವಾಗಲೇ ಲಾರಿ ಓಣಿಯ ತುದಿಗೆ ಬಂದು ನಿಂತಿತು. ಬಂದದ್ದೇ ತಿಳಿಯಲಿಲ್ಲ. ಹೊಸ ಕ್ರಾಸಿಗೂ ಸದ್ದಿರುವುದಿಲ್ಲವಲ್ಲ. ಅದು ಬೆಳಿಗ್ಗೆ ನನಗೆ ಹೊಳೆದಿರಲಿಲ್ಲ. ಒಳ್ಳೆಯದೂ ಸುಮ್ಮನಿರುತ್ತದೆ, ಬಾಯಿ ಮುಚ್ಚಿಸಿದ್ದೂ ಸುಮ್ಮನಿರುತ್ತದೆ. ಯಾವುದು ಯಾವುದೆಂದು ಕಿವಿಗೆ ತಿಳಿಯುವುದಿಲ್ಲ. ಭಾವ ಗೋಡೆ ಹಿಡಿದು ಎದ್ದು, ಗೋಣಿಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಗೇಟು ಕಿರುಗುಟ್ಟಿತು. ಇವತ್ತೇ ಹಾಕಿದ್ದಲ್ಲವೇ, ಇನ್ನೇನು ನೋಡುವುದಿದೆ ಎಂದು ಕೇಳಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ. ನನ್ನ ಕಿವಿಯಲ್ಲೂ ಆ ಓಣಿ ಸುಮ್ಮನಾಗಿಯೇ ಇತ್ತು. ಕ್ಯಾಬಿನ್ನಿನಿಂದ ಇಳಿದ ಮಗಳ ಹಿಂದೆ, ಆ ಎತ್ತರದ ಕಿಟಕಿಯಲ್ಲಿ, ಇನ್ನೂ ಯಾರೋ ಕೂತಿರುವಂತೆ ಅನಿಸಿತು.

ಸೆರಗು ಸಿಕ್ಕಿಸಿಕೊಂಡು ಹೋಗಿ, ಭಾವನ ಪಕ್ಕದಲ್ಲಿ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಲಾರಿಯ ಕೆಳಗೆ ನುಸುಳಿದೆ. ಭಾವ ಆಶ್ಚರ್ಯಪಡಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

“ಇಲ್ಲಿ ಕೈ ಇಡಮ್ಮ,” ಎಂದರು.

ಇಟ್ಟೆ. ಕಬ್ಬಿಣ ಇನ್ನೂ ಬೆಚ್ಚಗಿತ್ತು.